ಕೆಂಪು ಬಟ್ಟೆ ಕಟ್ಟಿದ ಬೀಜದ ಬದನೆಕಾಯಿ ಕುರಿತು ಹುಣಸೆಮರದ ಹಿರಿಯರಿಗೆ

ಕಮಲಾಪುರದ ನಮ್ಮ ಹಿತ್ತಲ ಹುಣಸೆಮರದಲ್ಲಿ ಸಕುಟುಂಬ ಸಪರಿವಾರ ವಾಸವಾಗಿರುವ, ಎಡಗಿವಿ ಹರಿದ, ಮಂಗಕುಲದ ಯಜಮಾನರಾದ ಮಾನ್ಯರೇ,

ಮರದ ಮೇಲೆ ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಮರದ ಕೆಳಗೆ ನಾನೂ ಕ್ಷೇಮ, ನನ್ನ ಕಾಯಿಪಲ್ಲೆ ಮಡಿಗಳ ಬಗ್ಗೆ ಮಾತ್ರ ಹಾಗೆ ಹೇಳುವಂತಿಲ್ಲ. 'ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್ಮಿಷನ್' ಎಂದು ಅರ್ಜಿ ಶುರು ಮಾಡಬೇಕೆಂದು ಹೊಸಪೇಟೆ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರು. ಮುಂದಿನ ಸಾಲು ನೆನಪಿಗೆ ಬರುತ್ತಿಲ್ಲವಾದ್ದರಿಂದ ಕನ್ನಡದಲ್ಲೇ ಮುಂದುವರಿಸುತ್ತೇನೆ, ತಮಗೂ ಅದೇ ಅನುಕೂಲವಿರಬೇಕು.

ವಿಷಯ ಒಂದೇ ಒಂದು ಬದನೆಕಾಯಿ. ನನ್ನ ಹೆಂಡತಿ ಪಂಪಮ್ಮ ಮದುವೆಯಾಗಿ ಕಂಪ್ಲಿಯಿಂದ ಬರುವಾಗ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದ ಮುಳ್ಳುಬದನೆಯ ತಳಿ ಅದು. ಮೂವತ್ತೆಂಟು ವರ್ಷ ನಮ್ಮ ಹಿತ್ತಲಲ್ಲೇ ಬೀಜವಾಗಿ, ಸಸಿಯಾಗಿ, ಎಣ್ಣೆಗಾಯಿಯಾಗಿ ಬಾಳಿತು. ಅವಳು ಹೋಗಿ ಎರಡು ವರ್ಷ. ಈ ಸಲ ಗಾದಿಗನೂರಿನಿಂದ ಮಗಳು ಶಾಂಭವಿ ಫೋನ್ ಮಾಡಿ, "ಅಪ್ಪಾ, ಅವ್ವನ ಬದನಿ ಬೀಜ ನಮ್ಮ ಹಿತ್ತಲಕ್ಕ ಬೇಕ್ ನೋಡು. ಎಲ್ಲಾ ಕೊಯ್ಕಂಡು ತಿಂದ್ ಕುಂತಿ ಮತ್ತ!" ಎಂದಳು. ಅವಳು ಫೋನ್ ಮಾಡುವ ಹೊತ್ತಿಗೆ ನಾನು ಹೆಚ್ಚುಕಡಿಮೆ ಎಲ್ಲವನ್ನೂ ತಿಂದು ಕುಂತಿದ್ದೆ. ಎಲೆಯ ಮರೆಯಲ್ಲಿ ಒಂದೇ ಕಾಯಿ ಉಳಿದಿತ್ತು. ಅದು ಹಣ್ಣಾಗಿ ಹಳದಿಗೆ ತಿರುಗುವವರೆಗೆ ಕಾಯುವುದೇ ನನ್ನ ನೌಕರಿಯಾಯಿತು.

ತಾವು ಬಲ್ಲಿರಿ, ನಮ್ಮ ಕಡೆ ಬೀಜಕ್ಕೆ ಬಿಟ್ಟ ಕಾಯಿಗೆ ಬಟ್ಟೆಚೂರು ಕಟ್ಟುತ್ತಾರೆ, ಕೂಲಿಯವರು ಮರೆತು ಕೊಯ್ಯದಿರಲಿ ಎಂದು. ಪಂಪಮ್ಮ ಮಸಿಬಟ್ಟೆಯ ಚಿಂದಿ ಕಟ್ಟುತ್ತಿದ್ದಳು. ಇಂಥ ಕಾಯಿಗೆ ಅಂಥ ಚಿಂದಿಯೇ ಎಂದು ನಾನು ಟ್ರಂಕು ತೆಗೆದು, ಅವಳ ಹೊಸ ಕೆಂಪು ಜರಿ ರವಿಕೆ ಖಣದಿಂದ ಒಂದು ತುಂಡು ಹರಿದು, ಹೂವಿನಂತೆ ಗಂಟು ಹಾಕಿದೆ. ಹಂಪಿಗೆ ಬರುವ ಭಕ್ತರು ಕೆಂಪು ಬಟ್ಟೆಯಲ್ಲಿ ಹಣ್ಣುಕಾಯಿ ಕಟ್ಟಿ ತಂದು ತಮ್ಮ ಕೈಗೇ ಕೊಡುತ್ತಾರೆ, ತಾವು ಆ ಬಣ್ಣ ಕಂಡರೆ ನೈವೇದ್ಯವೆಂದೇ ತಿಳಿಯುತ್ತೀರಿ ಎಂಬುದು ಅವಳಿಗೆ ಗೊತ್ತಿತ್ತು. ಮಸಿಬಟ್ಟೆಯೇ ಯಾಕೆಂದು ನಾನು ಒಂದು ದಿನವೂ ಕೇಳಿದವನಲ್ಲ.

ಕಾಯಿ ಪೂರ್ತಿ ಹಳದಿಗೆ ತಿರುಗಿದ ಮೇಲೆ ಒಂದು ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜುತ್ತ ನಿಂತಿದ್ದಾಗ ತಾವು ಇಳಿದು ಬಂದಿರಿ. ತಮ್ಮ ಸಂಸ್ಕಾರವನ್ನು ಹೊಗಳದೆ ವಿಧಿಯಿಲ್ಲ: ಬಟ್ಟೆ ಹರಿಯದೆ ಗಂಟು ಬಿಚ್ಚಿದಿರಿ, ಅದನ್ನು ಹೆಗಲ ಮೇಲೆ ಹಾಕಿಕೊಂಡಿರಿ, ಆಮೇಲೆ ಕಾಯಿಗೆ ಬಾಯಿ ಹಾಕಿದಿರಿ. ಬೀಜದ ಬದನೆ ಕಹಿ. ತಾವು ನನ್ನತ್ತ ನೋಡಿ, ಇಂಥದ್ದನ್ನೂ ಯಾರಾದರೂ ನೈವೇದ್ಯ ಮಾಡುತ್ತಾರೆಯೇ ಎಂಬಂತೆ ಮುಖ ಸಿಂಡರಿಸಿ, ಕಾಯಿಯನ್ನು ಗೋಡೆಯಾಚೆ ಬೀಸಿ ಒಗೆದು ಹೋದಿರಿ.

ಗೋಡೆಯಾಚೆ ಪಕ್ಕದ ಮನೆಯ ತಾಯಕ್ಕನ ತಿಪ್ಪೆ. ಹನ್ನೊಂದು ವರ್ಷದ ಹಿಂದೆ ಇದೇ ಬೀಜ ಕೇಳಲು ಆಕೆ ಬಂದಾಗ ಪಂಪಮ್ಮ "ಇವತ್ತು ಶುಕ್ರವಾರ, ಬೀಜ ಹೊರಗ ಕೊಡಬಾರದು" ಎಂದಿದ್ದಕ್ಕೆ ಎರಡೂ ಮನೆಗಳ ನಡುವೆ ಮಾತು ನಿಂತಿತ್ತು. ಹೋಗಿ ತಿಪ್ಪೆ ಕೆದಕಲು ನನಗೆ ಮುಖವಿರಲಿಲ್ಲ. ಮೂರು ವಾರ ಗೋಡೆಯ ಮೇಲಿಂದ ಕತ್ತು ಚಾಚಿ ಚಾಚಿ ನೋಡಿದೆ. ಅಷ್ಟರಲ್ಲಿ ತಿಪ್ಪೆಯ ತುಂಬ ಬದನೆ ಸಸಿ, ಎಣಿಸಿದರೆ ಅರವತ್ತಕ್ಕೂ ಮೇಲೆ! ಕಡೆಗೆ ತಾಯಕ್ಕನೇ ಸೊಂಟಕ್ಕೆ ಕೈಯಿಟ್ಟು ನಿಂತು, "ಏನ್ರೀ ಕೊಟ್ರಯ್ಯನೋರ, ದಿನಾ ನನ್ ತಿಪ್ಪಿ ಮಾರಿ ನೋಡಾಕ ಹತ್ತೀರಿ, ಅದರಾಗೇನ್ ದೇವರ ಅದಾನೇನ್?" ಎಂದಳು. ಹೇಳಿದೆ. ಆಕೆ ನಕ್ಕ ನಗುವಿಗೆ ತಮ್ಮ ಸಂಸಾರವೆಲ್ಲ ಕೊಂಬೆ ಬದಲಿಸಿದ್ದು ತಮಗೂ ನೆನಪಿರಬಹುದು. "ಆಕಿ ಕೊಡಲಿಲ್ಲ, ಮಂಗ್ಯಾ ಕೊಡ್ತು. ಅರ್ಧ ನನಗ, ಅರ್ಧ ನಿಮ್ಮ ಮಗಳಿಗೆ. ನಿಮಗ ಬ್ಯಾಡ, ನೀವು ತಿಂದ್ ಮುಗಸ್ತೀರಿ," ಎಂದವಳು ಆಮೇಲೆ ದನಿ ತಗ್ಗಿಸಿ, "ಹೋಗ್ಲಿ, ಎರಡ್ ತಗೋರಿ," ಎಂದಳು.

ಆದ್ದರಿಂದ ಮಾನ್ಯರೇ, ದೂರೆಂದು ಶುರುವಾದ ಈ ಪತ್ರ ಎಲ್ಲಿಗೆ ಬಂತೋ ನನಗೇ ತಿಳಿಯದು. ಒಂದೇ ಏಟಿಗೆ ಬಿತ್ತನೆ, ಗೊಬ್ಬರ, ಹಂಚಿಕೆ ಮೂರನ್ನೂ ಮುಗಿಸಿ, ಮೇಲೆ ಎರಡು ಮನೆಗಳನ್ನೂ ಮಾತಾಡಿಸಿದ ತಮ್ಮನ್ನು ಇಡೀ ತಾಲೂಕಿಗೆ ಕೃಷಿ ಅಧಿಕಾರಿ ಮಾಡಬೇಕೆಂಬುದು ನನ್ನ ಶಿಫಾರಸು. ಜೀಪು ಬೇಕಾಗಿಲ್ಲ, ತಾವು ಹೇಗೂ ಬೇರೆಯವರ ಜೀಪಿನ ಮೇಲೆ ಕೂತೇ ಓಡಾಡುವವರು. ಪ್ರತಿಯಾಗಿ ಕೇಳುವುದಿಷ್ಟೇ: ಮಗಳ ಮೂವತ್ತು ಸಸಿ ನಾಳೆ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೊರಡುತ್ತವೆ. ಆ ಅರ್ಧ ತಾಸು ತಾವು, ತಮ್ಮ ಮಡದಿಯರು, ಮಕ್ಕಳು ಮೊಮ್ಮಕ್ಕಳು ಎಲ್ಲರೂ ಕಣ್ಣು ಮುಚ್ಚಿಕೊಂಡು ಕೂರಬೇಕು.

ಅದೇ ಮರದ ನೆರಳಲ್ಲಿ ದಿನಗಳೆಯುವ, ತಮ್ಮ ವಿಶ್ವಾಸಿ,
ಕೊಟ್ರಯ್ಯ

ತಾ.ಕ.: ಈ ಪತ್ರವನ್ನು ತಮ್ಮ ಮರದ ಬೊಡ್ಡೆಗೇ ಅಂಟಿಸಿದ್ದೇನೆ. ಓದುವ ಮೊದಲೇ ತಿನ್ನುವುದು ತಮ್ಮ ಪದ್ಧತಿಯೆಂದು ಬಲ್ಲೆನಾದ್ದರಿಂದ ಮೈದಾ ಅಂಟಿಗೆ ಎರಡು ಹಿಡಿ ಗುಂಟೂರು ಖಾರದಪುಡಿ ಕಲಸಿದ್ದೇನೆ. ಕಡಿಮೆಯಾಗಿದ್ದರೆ ದಯವಿಟ್ಟು ತಿಳಿಸುವುದು.