ಡಿಕ್ಷನರಿಯೊಳಗೆ ಧಣಿ

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಸುಮಧ್ವನಿಗೇ ಹೇಳಿದ ಮಾತು. ಹೊಸಪೇಟೆಯ ಗಣಿ ಆಫೀಸೊಂದರಲ್ಲಿ ಎರಡು ವರ್ಷದಿಂದ ಅವನು ಟೆಂಪರರಿ ಕಂಪ್ಯೂಟರ್ ಆಪರೇಟರ್. ಇವತ್ತು ಕಾಯಂ ಆಗುವ ದಿನ. ಸುಮ್ಮನೆ ಕುಳಿತಿದ್ದರೆ ಆಗುತ್ತಿತ್ತು. ಧಣಿಯನ್ನು ಇನ್ನಷ್ಟು ಮೆಚ್ಚಿಸೋಣವೆಂದು, ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಪುಕ್ಕಟೆ ಇಟ್ಟಿದ್ದ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ತಂದು ಕಂಪ್ಯೂಟರಿಗೆ ಜೋಡಿಸಿದ. ಅದೊಂದು ಡಿಕ್ಷನರಿ; ಪದ ಒತ್ತಿದರೆ ಸಾಕು, ಇಂಗ್ಲಿಷ್, ಕನ್ನಡ ಎರಡರಲ್ಲೂ ಅರ್ಥ ಬರುತ್ತದೆ. ಅದಿರು ಕೊಳ್ಳುವ ಚೀನಾದವರ ಪತ್ರ ಓದಲು ಅನುಕೂಲ.

ಧಣಿ ದೊಡ್ಡಬಸಪ್ಪನವರು ಬಂದವರೇ ಒಂದೇ ಬೆರಳಲ್ಲಿ ತಮ್ಮ ಹೆಸರು ಒತ್ತಿದರು. ಪದ ಸಿಗಲಿಲ್ಲ ಎಂದಿತು ಕಂಪ್ಯೂಟರ್.

"ಏನಲೇ ಇದು! ಸಂಡೂರಿನಿಂದ ಕಂಪ್ಲಿತನಕ ನನ್ನ ಫ್ಲೆಕ್ಸ್ ಅದಾವು. ಇದರಾಗ ನಾನಿಲ್ಲೇನು?"

"ಇದು ಹಳೇದ್ರಿ ಧಣೇರ. ಹೊಸಾದು ಮಧ್ಯಾಹ್ನ ಬರ್ತದ್ರಿ," ಎಂದುಬಿಟ್ಟ ಸುಮಧ್ವ.

ಧಣಿ ಊಟಕ್ಕೆ ಹೋದದ್ದೇ ತಡ, ತಾನೇ ಬರೆದು ಸೇರಿಸಿದ: ದೊಡ್ಡಬಸಪ್ಪ ಅಂದರೆ ದಾನಶೂರ, ಗಣಿನಾಡಿನ ಹುಲಿ.

ಹಿಂದೆ ನಿಂತು ನೋಡುತ್ತಿದ್ದ ಡ್ರೈವರ್ ಓಬಳೇಶ ಬಿಡುತ್ತಾನೆಯೇ?

"ನನ್ನೂ ಹಾಕ್ರಿ. ಎಂದೂ ಕುಡಿಯಂಗಿಲ್ಲ ಅಂತ ಬರೀರಿ. ಇಲ್ಲಾಂದ್ರ ಇದೆಲ್ಲ ನೀವೇ ಬರದಿದ್ದು ಅಂತ ಧಣೇರಿಗೆ ಹೇಳ್ತೀನಿ."

ಅವನ ಬಾಯಿಂದ ಆಗಲೇ ವಾಸನೆ ಹೊಡೆಯುತ್ತಿತ್ತು. ಸುಮಧ್ವ ಮೂಗು ಮುಚ್ಚಿಕೊಂಡು ಬರೆದ.

ಸುದ್ದಿ ಕೇಳಿ ಮ್ಯಾನೇಜರ್ ನಾಗೇಂದ್ರಪ್ಪ ಬಂದರು. "ನಿನ್ನ ಕಾಯಂ ಆರ್ಡರ್ ನನ್ನ ಟೇಬಲ್ ಮ್ಯಾಲ ಐತಿ, ನೆನಪೈತಿಲ್ಲೋ? ಬರಿ: ಹತ್ತು ಮಂದಿ ಕೆಲಸ ಒಬ್ಬನೇ ಮಾಡಾವ. ಕಂಪ್ಯೂಟರಿನಾಗ ಭಾಳ ಪಂಡಿತ."

"ಸರ್, ನಿಮಗ ಮೌಸ್ ಹಿಡೀಲಿಕ್ಕೂ ಬರೂದಿಲ್ಲಲ್ರಿ!"

"ಬರಿಯೋ ಮಾರಾಯ. ನಿನ್ನ ಗಂಟೇನು ಹೋಗ್ತೈತಿ?"

ಬರೆದ.

ಸಂಜೆ ಧಣಿ ಬಂದು ತಮ್ಮ ಅರ್ಥ ಓದಿಸಿಕೊಂಡು ಕೆಂಡದ ಮೇಲಿನ ರೊಟ್ಟಿಯಂತೆ ಉಬ್ಬಿದರು. "ಮಸ್ತ್ ಐತಲೇ! ಎಲ್ಲಿ, ನಮ್ಮ ನಾಗೇಂದ್ರಪ್ಪನ ಬಗ್ಗೆ ಏನಂತೈತಿ ನೋಡೋಣು."

ನಾಗೇಂದ್ರಪ್ಪ ಗಂಟಲು ಸರಿಮಾಡಿಕೊಂಡು, ತಮ್ಮ ಅರ್ಥವನ್ನು ತಾವೇ ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಒಂದಕ್ಷರ ಬಿಡದೆ ಓದಿದರು.

ಧಣಿ ಹುಬ್ಬು ಗಂಟಿಕ್ಕಿದರು. "ಅಲ್ಲಲೇ ಸುಮಧ್ವ, ಇವರಿಗೇ ಕಂಪ್ಯೂಟರ್ ಬರ್ತಿದ್ರ ನಿನಗ್ಯಾಕ ಪಗಾರ ಕೊಡ್ಲಿ?"

ಸುಮಧ್ವ ಕುರ್ಚಿಯಿಂದ ಎದ್ದ. "ಧಣೇರ, ಅದು..."

"ಏನು, ಇದರಾಗ ಇರೋದು ಸುಳ್ಳೇನು?"

ಸುಳ್ಳೆಂದರೆ ಗಣಿನಾಡಿನ ಹುಲಿಯ ಗತಿ? ಹುಲಿ ಎದುರಿಗೇ ಕುಳಿತಿತ್ತು. ಅಯ್ಯೋ ಕರ್ಮವೇ!

"ಖರೇನೇ ಅದರಿ," ಎಂದ ಸುಮಧ್ವ, ಸಾಯುವ ದನಿಯಲ್ಲಿ.

"ಹಂಗಾರ ನಾಳಿಂದ ಬರಬ್ಯಾಡ." ಧಣಿ ಎದ್ದು ಹೋದರು.

ಸುಮಧ್ವ ಬ್ಯಾಗು ಹೆಗಲಿಗೇರಿಸಿ ಬಾಗಿಲು ದಾಟುವಷ್ಟರಲ್ಲಿ ನಾಗೇಂದ್ರಪ್ಪ ಓಡಿಬಂದು ತೋಳು ಹಿಡಿದರು. ಮುಖವೆಲ್ಲ ಬೆವರು.

"ತಮ್ಮಾ, ಹೋಗೋ ಮುಂದ ಒಂದೀಟು ಹೇಳಿ ಹೋಗೋ. ಆ ಕಂಪ್ಯೂಟರ್ ಚಾಲೂ ಮಾಡೋದು ಎಲ್ಲಿ?"