ಸ್ವಲ್ಪ ಶೇಡ್ ಕೊಡಿ ಮೇಡಂ

ಪೊನ್ನಂಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಸೈನ್ ಅಂಗಡಿ ಇದೆ. ಫ್ಲೆಕ್ಸು, ಲಗ್ನಪತ್ರಿಕೆ, ಲೇಬಲ್ಲು ಎಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ. ಒಂದು ಬಣ್ಣ ಮೆಲ್ಲಗೆ ಇನ್ನೊಂದು ಬಣ್ಣಕ್ಕೆ ತಿರುಗುತ್ತದಲ್ಲ, ನಡುವೆ ಗೆರೆಯೇ ಕಾಣದ ಹಾಗೆ, ಅದಕ್ಕೆ ಸಾಫ್ಟ್‌ವೇರಿನಲ್ಲಿ ಗ್ರೇಡಿಯಂಟ್ ಅಂತ ಹೆಸರು. ನಮ್ಮ ಕಡೆ ಎಲ್ಲರೂ ಶೇಡ್ ಅಂತಾರೆ. ಮೌಸ್ ಹಿಡಿದು ಈ ತುದಿಯಿಂದ ಆ ತುದಿಗೆ ಒಮ್ಮೆ ಎಳೆದರೆ ಮುಗಿಯಿತು, ಎರಡು ಸೆಕೆಂಡಿನ ಕೆಲಸ. ಆ ಎರಡು ಸೆಕೆಂಡಿನಿಂದ ನಾನು ಪಡುವ ಪಾಡು ಮಾತ್ರ ಹನ್ನೆರಡು ವರ್ಷವಾದರೂ ಮುಗಿದಿಲ್ಲ.

ಕಪ್ಪು ಆಕಾಶ

ತಿತಿಮತಿ ಕಡೆಯ ಪ್ಲಾಂಟರ್ ಒಬ್ಬರು ಕಾಫಿಪುಡಿ ಪ್ಯಾಕೆಟಿಗೆ ಲೇಬಲ್ ಮಾಡಿಸಲು ಬಂದರು. "ಕಾಫಿ ಗಿಡ ಇರಲಿ, ಮೇಲೆ ಒಳ್ಳೆ ಶೇಡ್ ಕೊಡಿ," ಅಂದರು. ಗಿಡದ ಹಿಂದಿನ ಆಕಾಶಕ್ಕೆ ನೀಲಿಯಿಂದ ಬಿಳಿಗೆ ಶೇಡ್ ಎಳೆದೆ.

"ಶೇಡ್ ಸಾಲದು."

ನೀಲಿಯನ್ನು ಗಾಢ ಮಾಡಿದೆ. "ಇನ್ನೂ ಸಾಲದು." ಕಡುನೀಲಿ ಮಾಡಿದೆ. "ಊಹೂಂ." ಐದನೇ ಸಲಕ್ಕೆ ಆಕಾಶ ಪೂರ್ತಿ ಕಪ್ಪಾಯಿತು, ನನ್ನ ಮುಖವೂ ಹಾಗೇ ಆಗಿತ್ತು.

"ಸಾರ್, ನಿಮಗೆ ಇನ್ನೆಷ್ಟು ಶೇಡ್ ಬೇಕು?"

"ಎರಡು ಸಿಲ್ವರ್ ಓಕ್, ಒಂದು ಹಲಸು ಸಾಕಮ್ಮ. ನೆರಳಿಗೆ ಮರ ಹಾಕಿ ಅಂದ್ರೆ ನೀವ್ಯಾಕೆ ಆಗಿನಿಂದ ಮಳೆ ಕರೀತಾ ಇದ್ದೀರಿ?"

ಗಡಿ

ನಿವೃತ್ತ ಸರ್ವೇಯರ್ ಒಬ್ಬರಿಗೆ ಗೃಹಪ್ರವೇಶದ ಕಾರ್ಡು ಮಾಡಿದ್ದೆ. ಮೇಲೆ ಹಳದಿ, ಕೆಳಗೆ ಹಸಿರು. ಅವರು ಕನ್ನಡಕ ಏರಿಸಿ, ಸ್ಕೇಲು ತೆಗೆದು ನನ್ನ ಸ್ಕ್ರೀನಿನ ಮೇಲೇ ಇಟ್ಟರು.

"ಹಳದಿ ಎಲ್ಲಿಗೆ ಮುಗೀತು?"

"ಮುಗಿಯೋದಿಲ್ಲ ಸಾರ್. ಹಾಗೇ ಹಸಿರಾಗ್ತದೆ."

"ಹಸಿರು ಎಲ್ಲಿಂದ ಶುರು?"

"ಅದೂ ಹೇಳಲಿಕ್ಕೆ ಬರೋದಿಲ್ಲ."

ಅವರು ಸ್ಕೇಲನ್ನು ಜೇಬಿಗೆ ಸೇರಿಸಿದರು. "ನೋಡಮ್ಮ, ನಲವತ್ತು ವರ್ಷ ಇಂಥ ಜಾಗಕ್ಕೇ ಪೊಲೀಸರನ್ನು ಕರಕೊಂಡು ಹೋಗಿದ್ದೇನೆ. ನಡುವೆ ಒಂದು ಗೆರೆ ಎಳೀರಿ."

ಎರಡು ಜೆರ್ಸಿ

ಬೇಸಿಗೆಯಲ್ಲಿ ಹಾಕಿ ತಂಡಗಳ ಜೆರ್ಸಿ ಡಿಸೈನು ತುಂಬಾ ಬರುತ್ತದೆ. ಒಂದು ತಂಡದವರು ಮೇಲೆ ಕೆಂಪು, ಕೆಳಗೆ ಹಳದಿ, ನಡುವೆ ಶೇಡ್ ಕೇಳಿದರು. ಎರಡು ದಿನ ಬಿಟ್ಟು ಬಂದ ಇನ್ನೊಂದು ತಂಡಕ್ಕೆ ಮೇಲೆ ಹಳದಿ, ಕೆಳಗೆ ಕೆಂಪು ಬೇಕಂತೆ. ಇಬ್ಬರಿಗೂ ಮಾಡಿಕೊಟ್ಟೆ. ಅವರಿಬ್ಬರೇ ಎದುರುಬದುರಾಗುತ್ತಾರೆ ಅಂತ ನನಗೇನು ಕನಸು ಬಿದ್ದಿತ್ತೇ?

ಹಾಕಿ ಆಡುವವರು ನೆಟ್ಟಗೆ ನಿಲ್ಲುವುದಿಲ್ಲವಲ್ಲ. ಎಲ್ಲರೂ ಬಗ್ಗಿದರು, ಕಂಡದ್ದು ಕೆಂಪು ಹಳದಿ ಬೆರೆಯುವ ನಡುಬೆನ್ನು ಮಾತ್ರ, ಎಲ್ಲರದ್ದೂ ಒಂದೇ ಕಿತ್ತಳೆ ಬಣ್ಣ. ಇವರ ಫಾರ್ವರ್ಡ್ ಅವರ ಬ್ಯಾಕಿಗೆ ಪಾಸ್ ಕೊಟ್ಟ. ಅವರ ಬ್ಯಾಕು ಥ್ಯಾಂಕ್ಸ್ ಹೇಳಿ ಇವರಿಗೇ ವಾಪಸ್ ಕೊಟ್ಟ. ನಾನು ಗ್ಯಾಲರಿಯಲ್ಲಿ ತಲೆಗೆ ಸೆರಗು ಎಳೆದುಕೊಂಡು ಕೂತಿದ್ದೆ. ಮೈಕಿನಲ್ಲಿ ಕಾಮೆಂಟರಿಯವರು ಬಹಳ ಹೊತ್ತು ತಡಕಾಡಿ ಕೊನೆಗೆ ಹೇಳಿದರು: "ಎರಡೂ ತಂಡಗಳು ಪರಸ್ಪರ ಒಳ್ಳೆಯ ಹೊಂದಾಣಿಕೆಯಿಂದ ಆಡುತ್ತಿವೆ."

ಮೇಷ್ಟ್ರು

ಹೋದ ವರ್ಷ ಒಬ್ಬರು ಹೈಸ್ಕೂಲು ಮೇಷ್ಟ್ರು ನಿವೃತ್ತರಾದರು. ಅವರ ಹಳೆ ವಿದ್ಯಾರ್ಥಿಗಳು ಸನ್ಮಾನದ ಬ್ಯಾನರ್ ಮಾಡಿಸಲು ಬಂದರು. "ಸಾರ್ ಫೋಟೊ ಎದೆಯಿಂದ ಕೆಳಗೆ ಮೋಡದಲ್ಲಿ ಕರಗಿದ ಹಾಗೆ ಶೇಡ್ ಕೊಡಿ ಮೇಡಂ."

"ಬೇಡ್ರಪ್ಪ, ಅದು ನೋಡಿದವರಿಗೆ ಬೇರೆ ಥರ ಕಾಣ್ತದೆ."

"ಗ್ರ್ಯಾಂಡ್ ಕಾಣ್ತದೆ ಮೇಡಂ, ಮಾಡಿ!"

ಮಾಡಿದೆ. ಮೇಲೆ 'ನಿಮ್ಮ ಸೇವೆ ಚಿರಸ್ಮರಣೀಯ' ಅಂತ ಅವರೇ ಬರೆಸಿದರು. ಬೆಳಿಗ್ಗೆ ಎಂಟಕ್ಕೆ ಸರ್ಕಲ್ಲಿನಲ್ಲಿ ಕಟ್ಟಿದರು. ಹತ್ತಕ್ಕೆ ಅವರದೇ ಫೋನು ಬಂತು: "ಮೇಡಂ, ಸಾರ್ ಮನೆಗೆ ಜನ ಹಾರ ಹಿಡ್ಕೊಂಡು ಹೋಗ್ತಿದ್ದಾರೆ!"

ಅಂಗಡಿ ಬಾಗಿಲೆಳೆದು ಆಟೋ ಹತ್ತಿದೆ. ಹೋಗಿ ನೋಡಿದರೆ ಅಂಗಳದ ತುಂಬ ಜನ. ಜಗಲಿಯಲ್ಲಿ ಮೇಷ್ಟ್ರ ತಮ್ಮ ಕೂತು ಗೋಳಾಡುತ್ತಿದ್ದರು. ಬೇಲಿ ಜಗಳದಲ್ಲಿ ಅಣ್ಣನ ಹತ್ತಿರ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದವರು. "ಒಂದು ಮಾತೂ ಆಡದೆ ಹೋದೆಯಲ್ಲ ಅಣ್ಣಾ! ಆ ಬೇಲಿ ನೀನೇ ಇಟ್ಕೋಬಹುದಿತ್ತಲ್ಲ!"

ಮೇಷ್ಟ್ರು ಕಾಫಿ ಲೋಟ ಹಿಡಿದು ಒಳಗಿನಿಂದ ಬಂದರು. "ಯಾರೋ ಹೋದದ್ದು?"

ತಮ್ಮ ಅಣ್ಣನನ್ನು ಮೇಲಿಂದ ಕೆಳಗೆ ನೋಡಿದರು, ಕಾಲಿನವರೆಗೂ. "ಸುಮ್ಮನೆ ಅಳಿಸಿದೆಯಲ್ಲೋ!" ಅಂತ ಬೈದರು. ಆಮೇಲೆ ತಬ್ಬಿಕೊಂಡು ಮತ್ತೆ ಅತ್ತರು. ಮೇಷ್ಟ್ರ ಹೆಂಡತಿ ಮಧ್ಯಾಹ್ನದ ಅಡುಗೆಗೆ ಅಕ್ಕಿ ಹೆಚ್ಚು ಹಾಕಿದರು.

ನಾನು ಮೂಲೆಯಿಂದ ಮುಂದೆ ಬಂದೆ. "ತಪ್ಪಾಯ್ತು ಸಾರ್. ಈಗಲೇ ಹೋಗಿ ಬ್ಯಾನರ್ ಇಳಿಸ್ತೇನೆ."

ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಅಂದರು: "ಎರಡು ದಿನ ಹಾಗೇ ಇರಲಿ ಬಿಡಮ್ಮ. ನನ್ನ ತಂಗಿಯೂ ಮಾತು ಬಿಟ್ಟಿದ್ದಾಳೆ, ಮಡಿಕೇರಿಯಿಂದ ಅವಳೊಬ್ಬಳು ಬರಲಿಕ್ಕಿದೆ."