ಹುಬ್ಬಿಲ್ಲದ ಅಳಿಯನ ವೀಸಾ

"ನಮ್ಮತ್ತೆಗೆ ಗಂಡು ಮಕ್ಕಳಿಲ್ಲ ಅಂತ ಇನ್ನೊಂದು ಸಲ ಯಾರಾದ್ರೂ ಬಾಯಿ ಬಿಡ್ಲಿ ನೋಡೋಣ! ನಾನೇನು ಸತ್ತಿದ್ದೀನಾ? ಕಾವಿ ನಾನು ಉಡ್ತೀನಿ!"

ಕ್ರಿಸಾಂತೊ ಮಗ್ಬನುವ, ಮನೆಯವರ ಬಾಯಲ್ಲಿ ಸಾಂತೊ, ಎದೆ ತಟ್ಟಿಕೊಂಡು ಹೀಗೆ ಘೋಷಿಸಿದಾಗ, ಹಿಂದಿನ ದಿನವಷ್ಟೇ ತೀರಿಕೊಂಡಿದ್ದ ಅತ್ತೆ ಥೊಂಗ್‌ಬಾಯಿ ಅಂಗಳದ ಶಾಮಿಯಾನದ ಕೆಳಗೆ ಬಾಡಿಗೆಯ ತಂಪುಪೆಟ್ಟಿಗೆಯಲ್ಲಿ ಮಲಗಿದ್ದಳು. ಬದುಕಿದ್ದರೆ "ಮೊದಲು ಉಣ್ಣು, ಆಮೇಲೆ ಕೂಗಾಡು" ಅನ್ನುತ್ತಿದ್ದಳು.

ಥಾಯ್ ನಾಡಿನ ಮುಕ್ದಹಾನ್ ಕಡೆ ಅದೊಂದು ಪದ್ಧತಿ. ಚಿತೆಗೆ ಬೆಂಕಿ ಇಡುವ ಮುನ್ನ ಸತ್ತವರ ಮಗನೋ ಮೊಮ್ಮಗನೋ ತಲೆ ಬೋಳಿಸಿ ಒಂದು ದಿನದ ಮಟ್ಟಿಗೆ ಕಾವಿ ಉಡುತ್ತಾನೆ. ಆ ಬಟ್ಟೆಯ ಅಂಚು ಹಿಡಿದು ಸತ್ತವರ ಜೀವ ಮೇಲೇರುತ್ತದೆ ಎಂದು ನಂಬಿಕೆ. ಥೊಂಗ್‌ಬಾಯಿಗೆ ಇದ್ದದ್ದು ಒಬ್ಬಳೇ ಮಗಳು, ಲಮ್ದುವನ್. ಮೊಮ್ಮಕ್ಕಳಿಲ್ಲ. ಕೊನೆಯ ದಿನಗಳಲ್ಲಿ ಮುದುಕಿ ಆಸ್ಪತ್ರೆಯ ಸೂರು ನೋಡುತ್ತ, "ನಾನು ಏನನ್ನ ಹಿಡ್ಕೊಂಡು ಹೋಗ್ಲಿ?" ಎಂದು ಕೇಳುತ್ತಿದ್ದಳು. ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತ ಕೂತಿದ್ದ ಅಳಿಯನಿಗೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು.

ಅಳಿಯನೋ ಫಿಲಿಪೀನ್ಸಿನವನು, ಹುಟ್ಟಾ ಕ್ರೈಸ್ತ. ಸರಕು ಹಡಗಿನಲ್ಲಿ ಖಲಾಸಿಗಳ ಮೇಸ್ತ್ರಿ. ಒಂದು ಹಡಗಿನ ಕರಾರು ಮುಗಿದು ಇನ್ನೊಂದು ಸಿಗುವವರೆಗೆ ಪ್ರವಾಸಿ ವೀಸಾದ ಮೇಲೆ ಹೆಂಡತಿಯ ಮನೆಯಲ್ಲಿರುತ್ತಿದ್ದ.

"ನಿಮ್ಮ ಯೇಸು ಸ್ವಾಮಿ ಬೇಜಾರು ಮಾಡ್ಕೊಳ್ಳಲ್ವಾ?" ಲಮ್ದುವನ್ ಕೇಳಿದಳು.

"ಒಂದೇ ದಿನ ಕಣೆ! ರಜಾ ಹಾಕ್ತೀನಿ."

ಸತ್ತವಳ ತಮ್ಮ ಖಮ್ಪೂನ್ ಮಾವನಿಗೆ ಇಷ್ಟೇ ಸಾಕಾಯಿತು. ಬೆಳಗಿನಿಂದ ದುಃಖಕ್ಕೆಂದು ಅಕ್ಕಿಯ ಸಾರಾಯಿ ಕುಡಿಯುತ್ತಿದ್ದ ಅವನ ಕೈಗೆ ಒಂದು ಕೆಲಸ ಬೇಕಿತ್ತು. ಕ್ಷೌರದ ಕತ್ತಿ ಹಿಡಿದು ಬಂದೇಬಿಟ್ಟ. ಲಮ್ದುವನ್ ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ಗಂಡನ ತಲೆಗೂದಲು, ಹದಿನೆಂಟು ವರ್ಷ ಸಾಕಿದ ಮೀಸೆ, ಎರಡು ಹುಬ್ಬು, ಎಲ್ಲವೂ ಬಾಳೆಲೆಯ ಮೇಲಿದ್ದವು! ಮುಖ ಸುಲಿದ ಮೊಟ್ಟೆಯಂತೆ ಫಳಫಳ ಹೊಳೆಯುತ್ತಿತ್ತು.

"ಅಯ್ಯೋ! ಹುಬ್ಬು ಎಲ್ರೀ?"

"ಭಿಕ್ಷುಗಳಿಗೆ ಹುಬ್ಬು ಇರಲ್ವಲ್ಲ."

"ಚಿತೆ ಇರೋದು ಗುರುವಾರ ಕಣ್ರೀ! ಇವತ್ತಿನ್ನೂ ಸೋಮವಾರ!"

"ವೈರಾಗ್ಯಕ್ಕೆ ವಾರ ನೋಡ್ತಾರೇನೆ?" ಎಂದ ಸಾಂತೊ. ಮಾವ ತಲೆದೂಗಿದ.

ವೈರಾಗ್ಯ ಸಂಜೆಯವರೆಗೂ ಬಾಳಲಿಲ್ಲ. ದೀಕ್ಷೆ ಕೊಡುವ ಮುನ್ನ ವಿಹಾರದ ಹಿರಿಯ ಭಿಕ್ಷುಗಳು ಪಾಸ್‌ಪೋರ್ಟಿನ ಪ್ರತಿ ಕೇಳಿದರು. ಲಮ್ದುವನ್ ಪುಟ ತಿರುಗಿಸಿದವಳು ಹಾಗೇ ನಿಂತಳು.

"ರೀ, ನೀವು ಈ ದೇಶದಲ್ಲಿ ಇರೋದಕ್ಕೆ ನಾಳೆ ಕೊನೇ ದಿನ."

"ಇಲ್ಲ ಕಣೆ, ಹತ್ತೊಂಬತ್ತನೇ ತಾರೀಕು."

"ಇದು ಹತ್ತೊಂಬತ್ತಲ್ಲ. ಹದಿನಾರು. ಕನ್ನಡಕ ಹಾಕ್ಕೊಳ್ಳಿ."

ಕನ್ನಡಕ ಹಾಕಿಕೊಂಡರೂ ಹದಿನಾರೇ! ಗಡುವನ್ನು ಒಮ್ಮೆ ಮುಂದೂಡಿಸಿಯೂ ಆಗಿತ್ತು. ವೀಸಾ ಇಲ್ಲದೆ ನೆಲದ ದಾರಿಯಲ್ಲಿ ಒಳಬರುವ ಆ ವರ್ಷದ ಅವಕಾಶವೂ ಮುಗಿದಿತ್ತು. "ಎರಡು ದಿನ ಹೆಚ್ಚಾದ್ರೆ ದಂಡ ಕಟ್ಟಿದ್ರಾಯ್ತು ಬಿಡು ಅಳಿಯಾ" ಎಂದ ಮಾವ. ಆದರೆ ಹಿರಿಯ ಭಿಕ್ಷುಗಳು ಜಗ್ಗಲಿಲ್ಲ. "ಗಡುವು ಮೀರಿದ ಪರದೇಶದವರಿಗೆ ಕಾವಿ ಕೊಡೋಕಾಗಲ್ಲ ತಾಯಿ. ಕಾಗದ ಸರಿಮಾಡ್ಕೊಂಡು ಬರ್ಲಿ" ಎಂದರು.

ಉಳಿದಿದ್ದು ಒಂದೇ ದಾರಿ. ಮೆಕೊಂಗ್ ನದಿಯ ಸೇತುವೆ ದಾಟಿ ಆಚೆ ದಡದ ಲಾವೋಸಿಗೆ ಹೋಗಬೇಕು. ಸವನ್ನಖೇತಿನಲ್ಲಿರುವ ಥಾಯ್ ಕಚೇರಿಯಲ್ಲಿ ಹೊಸ ಪ್ರವಾಸಿ ವೀಸಾ ಪಡೆದು ವಾಪಸಾಗಬೇಕು. ಇವತ್ತು ಕೊಟ್ಟರೆ ನಾಳೆ ಮಧ್ಯಾಹ್ನ ಕೈಗೆ.

"ಮಂಗಳವಾರ ಕೊಡ್ತೀನಿ, ಬುಧವಾರ ತಗೋತೀನಿ, ರಾತ್ರಿ ಊಟಕ್ಕೆ ಮನೇಲಿರ್ತೀನಿ! ರಾಟರ್‌ಡ್ಯಾಮ್ ನೋಡಿದೀನಿ, ಬೂಸಾನ್ ನೋಡಿದೀನಿ, ಸ್ಯಾಂಟೋಸ್ ನೋಡಿದೀನಿ! ಈ ಒಂದು ಸೇತುವೆ ನನಗ್ಯಾವ ಲೆಕ್ಕ?"

"ಅಲ್ಲೆಲ್ಲ ಹಡಗಿನ ಏಜೆಂಟು ನಿಮ್ಮ ಪಾಸ್‌ಪೋರ್ಟ್ ಹಿಡ್ಕೊಂಡು ಓಡಾಡ್ತಿದ್ದ. ನೀವು ಹಡಗಲ್ಲಿ ಮಲಗಿರ್ತಿದ್ರಿ" ಎಂದಳು ಲಮ್ದುವನ್.

ಮಂಗಳವಾರ ಬೆಳಿಗ್ಗೆ ಪಾಸ್‌ಪೋರ್ಟಿನ ಚಿತ್ರವನ್ನೂ ಗಂಡನ ಮುಖವನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. ಅಲ್ಲಿ ಗುಂಗುರು ಕೂದಲು, ಗಿರಿಜಾ ಮೀಸೆ, ಇಲ್ಲಿ ಬಯಲು. ತಲೆಗೆ ಟೋಪಿ ಹಾಕಬಹುದು, ಮೀಸೆ ತೆಗೆದೆ ಅನ್ನಬಹುದು, ಹುಬ್ಬಿಗೆ ಏನು ಹೇಳುವುದು? ಅವನನ್ನು ತಂಪುಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮದುವೆ ಮುಂಜಿಗೆಂದು ಇಟ್ಟುಕೊಂಡಿದ್ದ ಹುಬ್ಬಿನ ಪೆನ್ಸಿಲ್ ತೆಗೆದಳು. "ಅಲ್ಲಾಡಬೇಡಿ" ಎಂದು ಗದರುತ್ತ ಒಂದೊಂದೇ ಎಳೆ ಬರೆದಳು. ಎರಡನೆಯ ಹುಬ್ಬಿನ ಅರ್ಧಕ್ಕೆ ಪೆನ್ಸಿಲ್ ನಿಂತಿತು. ಅಮ್ಮ ಹೋದಾಗಿನಿಂದ ಅಡುಗೆ, ನೆಂಟರು, ಐಸು, ಹೂವು ಎಂದು ಓಡಾಡುತ್ತ ಒಂದು ಹನಿಯೂ ಉದುರಿಸದಿದ್ದವಳು ಗಂಡನ ಬೋಳು ಹಣೆಗೆ ಹಣೆ ಒತ್ತಿ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಅಳಿಸಿಹೋಯ್ತು. ಇನ್ನೊಂದ್ಸಲ ಬರೀತೀನಿ" ಎಂದಳು.

ಗಡಿಯಲ್ಲಿ ಹೊರಹೋಗುವ ಮುದ್ರೆ ಸುಲಭವಾಗಿಯೇ ಬಿತ್ತು. ಸಾಂತೊ ಬಸ್ಸಿನಿಂದಲೇ ಫೋನ್ ಮಾಡಿದ. "ಸೇತುವೆ ದಾಟಿದೆ! ಹೇಳಿರ್ಲಿಲ್ವಾ?"

"ಮುಖ ಒರೆಸ್ಕೊಂಡ್ರಾ?"

"ಇಲ್ಲ."

"ಒರೆಸ್ಕೋಬೇಡಿ."

ಏಪ್ರಿಲ್ ತಿಂಗಳ ಸವನ್ನಖೇತಿನಲ್ಲಿ ಇದು ಆಗದ ಮಾತು. ಅರ್ಜಿಗೆ ಹೊಸ ಫೋಟೊ ಬೇಕೆಂದಾಗ ಸಾಂತೊ ಎದುರಿನ ಸ್ಟುಡಿಯೋಗೆ ನುಗ್ಗಿದ. ಅಲ್ಲಿನ ಮುದುಕ ಕ್ಲಿಕ್ಕಿಸಿ, ಕಂಪ್ಯೂಟರಿನ ಮುಂದೆ ಕೂತು, "ಕೂದಲು ಹಾಕ್ಲಾ?" ಎಂದ. "ಹಾಕು! ಮೀಸೇನೂ ಹಾಕು!" ಎಂದ ಸಾಂತೊ. ಮುದುಕ ಉದಾರಿ. ಫೋಟೊ ಕೈಗೆ ಬಂದಾಗ ಅದರಲ್ಲಿ ಇಪ್ಪತ್ತೈದರ ಸಿನಿಮಾ ಹೀರೊ ಒಬ್ಬ ಬೈತಲೆ ತೆಗೆದು ನಗುತ್ತಿದ್ದ! ನೋಡುತ್ತ ನೋಡುತ್ತ ಸಾಲಿನಲ್ಲಿ ನಿಂತ ಸಾಂತೊ ಮೈಮರೆತು ಮುಖ ಒರೆಸಿಕೊಂಡ.

ಗಾಜಿನ ಆಚೆಯ ಅಧಿಕಾರಿಣಿ ಪಾಸ್‌ಪೋರ್ಟ್ ನೋಡಿದಳು. ಫೋಟೊ ನೋಡಿದಳು. ಒಂದೇ ಹುಬ್ಬಿನ ಮುಖ ನೋಡಿದಳು.

"ಇವರು ಮೂರು ಜನ ಯಾರು?"

"ಮೂರೂ ನಾನೇ ಮೇಡಂ."

"ಒಬ್ಬರು ಅರ್ಜಿ ಹಾಕಿದ್ರೆ ಸಾಕು."

ಸಾಂತೊ ಅತ್ತೆಯ ಸಾವು, ಮಾವನ ಕತ್ತಿ, ಹೆಂಡತಿಯ ಪೆನ್ಸಿಲ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಆಕೆ ಕೆಟ್ಟವಳಲ್ಲ. ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡಳು. ಕೂದಲಿಲ್ಲದ ನಿಜವಾದ ಫೋಟೊ ತನ್ನಿ, ವಿಹಾರದಿಂದ ಒಂದು ಪತ್ರ ತರಿಸಿ, ಅಷ್ಟಾದರೆ ಆಯಿತು ಎಂದಳು. ಅಷ್ಟಾಗುವಷ್ಟರಲ್ಲಿ ಮಂಗಳವಾರದ ಅರ್ಜಿಯ ಹೊತ್ತು ಮುಗಿದಿತ್ತು. ಬುಧವಾರ ಕೊಟ್ಟರೆ ಸಿಗುವುದು ಗುರುವಾರ ಮಧ್ಯಾಹ್ನ ಎರಡಕ್ಕೆ.

"ನಾಲ್ಕಕ್ಕೆ ಬೆಂಕಿ ಇಡೋದು" ಎಂದಳು ಫೋನಿನಲ್ಲಿ ಲಮ್ದುವನ್.

"ಒಂದಿನ ಮುಂದಕ್ಕೆ ಹಾಕಿದ್ರೆ?"

"ಶುಕ್ರವಾರ ಯಾರಾದ್ರೂ ಹೆಣ ಸುಡ್ತಾರೇನ್ರೀ, ಅಪಶಕುನ! ಶನಿವಾರಕ್ಕೆ ಪೆಟ್ಟಿಗೆ ಬೇರೆ ಮನೆಯವರು ಹೇಳಿಟ್ಟಾಗಿದೆ. ಅಮ್ಮನ್ನ ಎಲ್ಲಿಡ್ಲಿ? ಮಂಚದ ಮೇಲಾ?"

ಸಾಂತೊ ರಾತ್ರಿಗೊಂದು ಅಗ್ಗದ ಕೋಣೆ ಹುಡುಕಿಕೊಂಡು ಹೊರಟ.

ಬುಧವಾರ ಅರ್ಜಿ ಕೊಟ್ಟ ಮೇಲೆ ಮಾಡಲು ಏನೂ ಇರಲಿಲ್ಲ. ನದಿಯ ದಂಡೆಯಲ್ಲಿ ಸುಟ್ಟ ಮೀನು, ಅಂಟು ಅನ್ನ ಇಟ್ಟುಕೊಂಡು ಕೂತ. ಆಚೆ ದಡದಲ್ಲಿ ಮುಕ್ದಹಾನಿನ ಮನೆಗಳು ಕಾಣುತ್ತಿದ್ದವು. ಕೂಗಿದರೆ ಕೇಳಿಸೀತು ಅನ್ನುವಷ್ಟು ಹತ್ತಿರ. ಅವನು ಹಡಗಿನಲ್ಲಿದ್ದಾಗಲೆಲ್ಲ ಅತ್ತೆ ಬೆಳಿಗ್ಗೆ ಇದೇ ನದಿಗೆ ಒಂದು ತುತ್ತು ಅನ್ನ ಎಸೆಯುತ್ತಿದ್ದಳಂತೆ. "ಈ ನೀರು ಹೋಗಿ ಸೇರೋದು ಸಮುದ್ರಾನೇ ತಾನೇ? ಅಳಿಯನಿಗೆ ಮುಟ್ಟುತ್ತೆ" ಅನ್ನುತ್ತಿದ್ದಳಂತೆ. ಹೆಂಡತಿ ಇದನ್ನು ಹೇಳಿದಾಗ ಸಾಂತೊ ಬಿದ್ದು ಬಿದ್ದು ನಕ್ಕಿದ್ದ. ಈಗ ಕೈಯಲ್ಲಿದ್ದ ತುತ್ತನ್ನು ನೀರಿಗೆ ಎಸೆದ.

ಗುರುವಾರ ಎರಡು ಗಂಟೆಗೆ ವೀಸಾ ಸಿಕ್ಕಿತು! ಸಾಂತೊ ಬಸ್ಸಿಗೆ ಹಾರಿದ. ಪಾಸ್‌ಪೋರ್ಟಿನ ಚಿತ್ರಕ್ಕೆ ಹೊಂದಿಕೊಳ್ಳಲಿ ಎಂದು ಬಸ್ಸಿನ ಕನ್ನಡಿ ನೋಡಿಕೊಂಡು ಹೆಂಡತಿ ಕೊಟ್ಟು ಕಳಿಸಿದ್ದ ಪೆನ್ಸಿಲಿನಿಂದ ತಾನೇ ಹುಬ್ಬು ಬರೆದುಕೊಂಡ. ಸೇತುವೆಯ ಮೇಲೆ ಬಸ್ಸು ಎರಡು ಸಲ ಕುಲುಕಿತು. ಒಂದು ಹುಬ್ಬು ಕಿವಿಯ ಕಡೆಗೆ ಹೊರಟಿತು, ಇನ್ನೊಂದು ನೆತ್ತಿಯ ಕಡೆಗೆ. ಯಾರನ್ನೋ ಕೊಂದು ಬಂದು ತಾನೇ ಬೆಚ್ಚಿಬಿದ್ದವನ ಮುಖದಂತಾಯಿತು.

ಥಾಯ್ ಗಡಿಯ ಕಿಟಕಿಯಲ್ಲಿದ್ದವನು ಕಂಪ್ಯೂಟರಿನಲ್ಲಿ ವೀಸಾದ ಫೋಟೊ ತೆರೆದ.

"ಈ ಹುಬ್ಬು ಏನು?"

"ಪಾಸ್‌ಪೋರ್ಟಿಗೆ ಹೊಂದಲಿ ಅಂತ ಸಾರ್."

"ವೀಸಾದಲ್ಲಿ ಹುಬ್ಬೇ ಇಲ್ಲವಲ್ಲ."

"ಹಾಗಾದ್ರೆ ಅಳಿಸ್ತೀನಿ!"

"ಅಳಿಸಬೇಡಿ! ದೊಡ್ಡ ಸಾಹೇಬರು ಇದನ್ನ ನೋಡ್ಬೇಕು. ಅಲ್ಲಿ ಕೂತ್ಕೊಳ್ಳಿ."

"ಸಾರ್, ನಾನು ನಾನೇ ಅನ್ನೋದು ಗೊತ್ತಾಗ್ತಿಲ್ವಾ? ಒಬ್ಬ ಮನುಷ್ಯನ ಗುರುತು ಹಿಡಿಯೋದು ಅಷ್ಟು ಕಷ್ಟವಾ?" ಸಾಂತೊ ಕೂಗಾಡಿದ. ಕೂಗಾಡಿದಷ್ಟೂ ಹುಬ್ಬು ಇನ್ನಷ್ಟು ಭಯಂಕರವಾಗಿ ಕಂಡಿತು. ಫೋನ್ ಬಡಿದುಕೊಂಡಿತು.

"ಎಲ್ಲಿದ್ದೀರಿ?"

"ಬೆಂಚಿನ ಮೇಲೆ."

"ಯಾವ ಬೆಂಚು?"

"ಗಡಿ ಕಚೇರಿದು. ಸೇತುವೆ ದಾಟಿದೀನಿ, ದೇಶದೊಳಗೆ ಮಾತ್ರ ಬಂದಿಲ್ಲ."

ಆ ಕಡೆ ಮೈಕಿನಲ್ಲಿ ಭಿಕ್ಷುಗಳ ಮಂತ್ರ ಕೇಳುತ್ತಿತ್ತು. ಲಮ್ದುವನ್ ಬೈಯಲಿಲ್ಲ. "ಗಾಬರಿಯಾಗಿ ಓಡಬೇಡಿ. ಬಿದ್ದುಗಿದ್ದೀರಿ" ಎಂದಷ್ಟೇ ಹೇಳಿ ಫೋನ್ ಇಟ್ಟಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಮೆತ್ತಗೆ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ.

ದೊಡ್ಡ ಸಾಹೇಬರು ಬಂದರು. ವಿಹಾರದ ಪತ್ರ ಓದಿದರು, ಮುಖ ನೋಡಿದರು, ಬೇರೇನೂ ಕೇಳದೆ ಮುದ್ರೆ ಒತ್ತಿಸಿದರು. "ನಮ್ಮಪ್ಪ ಹೋದಾಗ ನಾನೂ ಬೋಳಿಸಿದ್ದೆ. ಹೊರಡಿ, ಹೊರಡಿ" ಎಂದರು. ಅಷ್ಟರಲ್ಲಿ ಗಂಟೆ ನಾಲ್ಕೂವರೆ.

ಆಟೊದಿಂದ ಇಳಿಯುವ ಮೊದಲೇ ವಿಹಾರದ ಚಿತಾಗಾರದ ಕೊಳವೆಯಲ್ಲಿ ಹೊಗೆ ಕಂಡಿತು. ತೆಳ್ಳಗಿನ, ನೇರವಾದ ಹೊಗೆ. ಬಂದವರು ಆಗಲೇ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಕುಸಿದು ಕೂತಿದ್ದ ಖಮ್ಪೂನ್ ಮಾವ ಅವನ ಕೈ ಹಿಡಿದುಕೊಂಡ.

"ಅಳಬೇಡ ಅಳಿಯಾ. ಕಾವಿ ಅಲ್ಲದಿದ್ರೇನು, ಅಕ್ಕನಿಗೆ ಹಿಡ್ಕೊಳ್ಳೋಕೆ ಬಿಳಿ ಬಟ್ಟೆ ಸಿಕ್ತು."

"ಯಾರದು? ಯಾರು ಉಟ್ರು?"

ಮಾವ ಒಳಗೆ ಹೋಗು ಎಂದು ಕೈ ತೋರಿಸಿದ.

ಸಾಂತೊ ಒಳಗೆ ಓಡಿದ. ಅಂಗಳ ಬರಿದಾಗಿತ್ತು. ಚಿತೆಯ ಎದುರು ಬಿಳಿಯುಟ್ಟ ಒಬ್ಬ ಸನ್ಯಾಸಿನಿ ಮಾತ್ರ ಕೈಮುಗಿದು ಕೂತಿದ್ದಳು. ನುಣ್ಣನೆಯ ತಲೆ, ಹುಬ್ಬಿಲ್ಲದ ಮುಖ, ಅತ್ತು ಊದಿದ ಕಣ್ಣು. ಹೆಂಡತಿ ಎಲ್ಲೂ ಕಾಣದೆ ಅವನು ಆಕೆಯ ಮುಂದೆ ಮಂಡಿಯೂರಿ, ನೆಲಕ್ಕೆ ಹಣೆ ಮುಟ್ಟಿಸಿ, ಏದುಸಿರು ಬಿಡುತ್ತ ಕೇಳಿದ:

"ತಾಯೀ, ತೀರಿಕೊಂಡವರ ಮಗಳು ಎಲ್ಲಿ ಹೋದಳು, ನೋಡಿದ್ರಾ? ನಾನು ಅವಳ ಗಂಡ."

ಸನ್ಯಾಸಿನಿ ಅವನನ್ನು ಮೇಲಿಂದ ಕೆಳಗಿನವರೆಗೂ ನಿಧಾನವಾಗಿ ನೋಡಿದಳು. ಕಿವಿಗೆ ಹೊರಟ ಹುಬ್ಬು ನೋಡಿದಳು, ನೆತ್ತಿಗೆ ಹೊರಟ ಹುಬ್ಬು ನೋಡಿದಳು.

"ಗಂಡನಾ? ಪಾಸ್‌ಪೋರ್ಟ್ ತೋರಿಸಿ."

ಆ ದನಿ ಯಾರದೆಂದು ಹೊಳೆಯುವಷ್ಟರಲ್ಲಿ ಸಾಂತೊ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು, ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಒಪ್ಪಿಸಿಯಾಗಿತ್ತು!